ಎರಡು ವಿಮಾನಗಳ ನಡುವೆ 9 ಗಂಟೆ ಬಿಡುವಿದೆ, ಹೊರಗೆ ಹೋಗಿ ಊರು ನೋಡಿ ಬರಬಹುದಾ?

ನೀವು ಕೇಳಿರುವುದು ಇಷ್ಟು: ಮೊದಲ ಸಲ ದೂರದ ಪ್ರಯಾಣ, ಒಂದು ವಿಮಾನ ಇಳಿದು ಇನ್ನೊಂದು ಹತ್ತುವ ನಡುವೆ 9 ಗಂಟೆ ಲೇಓವರ್. ಅಷ್ಟು ಹೊತ್ತು ಸುಮ್ನೆ ಕುರ್ಚಿ ಬಿಸಿ ಮಾಡುವ ಬದಲು ಊರೊಳಗೆ ಒಂದು ಸುತ್ತು ಹೋಗಿ ಬಂದರೆ ಏನಾದರೂ ಎಡವಟ್ಟಾಗುತ್ತದಾ?

ಹೋಗಿ ಬರಬಹುದು. ನಾನು ಏಳೆಂಟು ಸಲ ಹೋಗಿ ಬಂದಿದ್ದೇನೆ. ಒಂದು ಸಲ ಮಾತ್ರ ವಿಮಾನ ಕೂದಲೆಳೆಯಲ್ಲಿ ಸಿಕ್ಕಿತು, ಅದೂ ಪೂರ್ತಿ ನನ್ನದೇ ದಡ್ಡತನದಿಂದ. ಆ ಕಥೆ ಆಮೇಲೆ ಹೇಳುತ್ತೇನೆ, ಮೊದಲು ಲೆಕ್ಕ ಹಾಕೋಣ.

ಟಿಕೆಟ್‌ನಲ್ಲಿ 9 ಗಂಟೆ ಅಂತಿದೆ. ಅದರಲ್ಲಿ ನಿಮ್ಮ ಕೈಗೆ ಬರುವುದು ಎಷ್ಟು ನೋಡಿ. ವಿಮಾನ ನೆಲ ಮುಟ್ಟಿ, ಗೇಟಿಗೆ ಬಂದು ನಿಂತು, ಮುಂದಿನ ಸಾಲಿನವರೆಲ್ಲ ಬ್ಯಾಗ್ ಇಳಿಸಿಕೊಂಡು, ನೀವು ಉದ್ದದ ಕಾರಿಡಾರ್ ದಾಟುವ ಹೊತ್ತಿಗೆ ಅರ್ಧ ಗಂಟೆ. ಇಮಿಗ್ರೇಷನ್ (ದೇಶದೊಳಗೆ ಬಿಡುವ ಮೊದಲು ಪಾಸ್‌ಪೋರ್ಟ್, ವೀಸಾ ನೋಡುವ ಕಡೆ) ಸಾಲು ಒಂದೊಂದು ದಿನ ಹದಿನೈದು ನಿಮಿಷದಲ್ಲಿ ಕರಗುತ್ತದೆ, ಒಂದೊಂದು ದಿನ ಒಂದು ಗಂಟೆಯಾದರೂ ಅಲುಗುವುದಿಲ್ಲ. ಒಂದು ಗಂಟೆ ಅಂತಲೇ ಹಿಡಿಯಿರಿ. ವಾಪಸ್ ಬರುವಾಗ ಮುಂದಿನ ವಿಮಾನಕ್ಕೆ ಎರಡೂವರೆ ಗಂಟೆ ಮೊದಲು ಏರ್‌ಪೋರ್ಟ್ ಬಾಗಿಲಲ್ಲಿರಬೇಕು, ಯಾಕೆಂದರೆ ಸೆಕ್ಯುರಿಟಿ, ಪಾಸ್‌ಪೋರ್ಟ್ ಸಾಲು ಎಲ್ಲ ಮತ್ತೆ ಮೊದಲಿನಿಂದ. ಅಲ್ಲಿಗೆ ನಾಲ್ಕು ಗಂಟೆ ಹೋಯಿತು. ಉಳಿದದ್ದು ಐದು. ಅದರಲ್ಲಿ ಊರಿಗೆ ಹೋಗಿ ಬರುವ ದಾರಿ ಕಳೆಯಿರಿ.

ಈ ಕೊನೆಯ ಕಳೆಯುವ ಲೆಕ್ಕದಲ್ಲೇ ಎಲ್ಲ ಇರುವುದು. ನೀವು ಯಾವ ಊರು ಅಂತ ಬರೆದಿಲ್ಲ, ಆದರೆ 9 ಗಂಟೆ ಅನ್ನುವುದಕ್ಕಿಂತ ಯಾವ ಏರ್‌ಪೋರ್ಟ್ ಅನ್ನುವುದೇ ಮುಖ್ಯ. ಜ್ಯೂರಿಕ್‌ನಲ್ಲಿ ಏರ್‌ಪೋರ್ಟ್ ಕೆಳಗೇ ರೈಲು, ಹತ್ತು ಹನ್ನೆರಡು ನಿಮಿಷಕ್ಕೆ ಊರಿನ ಮುಖ್ಯ ನಿಲ್ದಾಣ. ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್‌ನಿಂದ ಹದಿನೈದು ನಿಮಿಷ ಚಿಲ್ಲರೆ. ಕೋಪನ್‌ಹೇಗನ್‌ನಲ್ಲಿ ಮೆಟ್ರೊ, ಅಲ್ಲೂ ಸುಮಾರು ಹದಿನೈದು ನಿಮಿಷ. ಹಾಂಗ್‌ಕಾಂಗ್‌ನ ಏರ್‌ಪೋರ್ಟ್ ಎಕ್ಸ್‌ಪ್ರೆಸ್ 24 ನಿಮಿಷದಲ್ಲಿ ಊರ ನಡುವೆ ಇಳಿಸುತ್ತದೆ. ಇಂಥ ಕಡೆ ಆರೇಳು ಗಂಟೆ ಲೇಓವರ್ ಇದ್ದರೂ ನಾನು ಹೊರಟುಬಿಡುತ್ತೇನೆ.

ಇನ್ನು ಟೋಕಿಯೊದ ನರಿತಾ ಇದೆ. ಹೆಸರಿಗೆ ಟೋಕಿಯೊ ಏರ್‌ಪೋರ್ಟ್, ಆದರೆ ಊರ ನಡುವಿಗೆ 60 ಕಿಲೋಮೀಟರಿಗಿಂತ ಜಾಸ್ತಿ. ಅಲ್ಲಿ ಐದು ಗಂಟೆ ಕೈಯಲ್ಲಿಟ್ಟುಕೊಂಡು ಟೋಕಿಯೊಗೆ ಓಡಿದರೆ ರೈಲಿನ ಕಿಟಕಿಯೇ ಜಾಸ್ತಿ ನೋಡಿದಂತಾಗುತ್ತದೆ. ಅದರ ಬದಲು ಪಕ್ಕದಲ್ಲೇ ನರಿತಾ ಅನ್ನುವ ಪುಟ್ಟ ಊರಿದೆ. ರೈಲಲ್ಲಿ ಹತ್ತು ನಿಮಿಷ. ನಿಲ್ದಾಣದಿಂದ ಅಂಕುಡೊಂಕಾದ ಹಳೇ ಬೀದಿಯೊಂದು ಇಳಿಯುತ್ತಾ ಹೋಗಿ ನರಿತಾಸಾನ್ ದೇವಸ್ಥಾನದ ಬಾಗಿಲಿಗೆ ಮುಟ್ಟಿಸುತ್ತದೆ. ಆ ದೇವಸ್ಥಾನ ಶುರುವಾದದ್ದು ಕ್ರಿ.ಶ. 940ರಲ್ಲಿ. ಹಿಂದೆ ದೊಡ್ಡ ತೋಟ, ಕೊಳ. ಮೂರು ಗಂಟೆ ಹೇಗೆ ಹೋಯಿತು ಅಂತ ಗೊತ್ತಾಗುವುದಿಲ್ಲ. ದೊಡ್ಡ ಊರು ದೂರವಿದ್ದರೆ ಏರ್‌ಪೋರ್ಟ್ ಮಗ್ಗುಲಲ್ಲಿ ಏನಿದೆ ಅಂತ ಒಮ್ಮೆ ಮ್ಯಾಪ್ ತೆರೆದು ನೋಡಿ. ಯಾರೂ ನೋಡುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಈಗ ನನ್ನ ದಡ್ಡತನದ ಕಥೆ. ಇಸ್ತಾಂಬುಲ್‌ನಲ್ಲಿ 10 ಗಂಟೆ ಲೇಓವರ್. ಕೈಯಲ್ಲಿ ಚೀಟಿ: ಹಾಗಿಯಾ ಸೋಫಿಯಾ, ಟೋಪ್ಕಾಪಿ ಅರಮನೆ, ಗ್ರ್ಯಾಂಡ್ ಬಜಾರ್. ಮೂರೂ ಹತ್ತಿರ ಹತ್ತಿರವೇ ಇವೆ, ನಡೆದೇ ಹೋಗಬಹುದು, ಹಾಗಾಗಿ ಚೀಟಿ ನೋಡಿದರೆ ತುಂಬ ಸುಲಭ ಅನ್ನಿಸಿತ್ತು. ಹಾಗಿಯಾ ಸೋಫಿಯಾ ಮುಂದಿನ ಸಾಲು ನೋಡಿ ಎದೆ ಧಸಕ್ಕೆಂದಿತು. ಆದರೂ ನಿಂತೆ. 537ರಲ್ಲಿ ಚರ್ಚ್ ಆಗಿ ಕಟ್ಟಿ ಮುಗಿಸಿದ ಕಟ್ಟಡ, ಅಷ್ಟು ದೂರ ಬಂದು ಬಿಡುವುದು ಹೇಗೆ? ನಿಂತದ್ದು ಒಂದು ಗಂಟೆಗೂ ಮೇಲೆ, ಒಳಗಿದ್ದದ್ದು ಇಪ್ಪತ್ತು ನಿಮಿಷ, ಅದರಲ್ಲೂ ಹತ್ತು ಸಲ ಗಡಿಯಾರ ನೋಡಿದ್ದೆ. ಅಲ್ಲಿಂದ ದೌಡಾಯಿಸಿ ಟೋಪ್ಕಾಪಿಗೆ ಹೋದರೆ ಬಾಗಿಲು ಹಾಕಿದೆ. ಮಂಗಳವಾರ ರಜೆ! ಮನೆಯಲ್ಲಿ ಕೂತು ಒಂದು ನಿಮಿಷ ಹುಡುಕಿದ್ದರೆ ಗೊತ್ತಾಗುತ್ತಿತ್ತು. (ಗ್ರ್ಯಾಂಡ್ ಬಜಾರ್‌ಗೆ ಭಾನುವಾರ ರಜೆ, ನಿಮಗೆ ಬೇಕಾದೀತು.)

ಬಜಾರ್ ಒಳಗೆ ಹೊಕ್ಕೆ. ಅರವತ್ತಕ್ಕೂ ಹೆಚ್ಚು ಗಲ್ಲಿಗಳಿರುವ ಸಂತೆ ಅದು. ಒಂದು ಬಾಗಿಲಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬಿದ್ದೆ, ಎಲ್ಲಿದ್ದೇನೆ ಅಂತ ತಿಳಿಯಲಿಲ್ಲ. ಸರಿ, ಟ್ಯಾಕ್ಸಿ ಹಿಡಿದರಾಯಿತು ಅಂದುಕೊಂಡೆ. ಸಂಜೆ ಐದೂವರೆ. ಆ ಊರಿನ ಹೊಸ ಏರ್‌ಪೋರ್ಟ್ ಇರುವುದು ಉತ್ತರಕ್ಕೆ, ಕಪ್ಪು ಸಮುದ್ರದ ಕಡೆಗೆ, ಊರಿಂದ ನಲವತ್ತು ಕಿಲೋಮೀಟರಿನಷ್ಟು ದೂರ. ಕಾರುಗಳು ನಿಂತಲ್ಲೇ ನಿಂತಿದ್ದವು. ಪಕ್ಕದ ಬಸ್ಸಿನ ಕಿಟಕಿಯಲ್ಲಿ ಒಂದು ಮಗು ಗಾಜಿನ ಮೇಲೆ ಬಾಯಿಂದ ಹಬೆ ಊದಿ ಬೆರಳಲ್ಲಿ ಗೆರೆ ಎಳೆಯುತ್ತಿತ್ತು. ಅದು ಒಂದು ಮನೆ, ಒಂದು ಮರ, ಎರಡು ಹಕ್ಕಿ ಬರೆದು ಮುಗಿಸುವವರೆಗೂ ನಾವು ಒಂದಡಿ ಮುಂದೆ ಹೋಗಿರಲಿಲ್ಲ. ಗೇಟ್ ಮುಚ್ಚಲು ನಾಲ್ಕು ನಿಮಿಷ ಇರುವಾಗ ಬೆವರಿಳಿಸಿಕೊಂಡು ತಲುಪಿದೆ. ನೋಡಿದ ಊರಿನಲ್ಲಿ ಈಗ ಚೆನ್ನಾಗಿ ನೆನಪಿರುವುದು ಆ ಬಸ್ಸಿನ ಗಾಜೊಂದೇ.

ಎರಡನೇ ಸಲ ಅದೇ ಊರಿನಲ್ಲಿ ಲೇಓವರ್ ಬಂದಾಗ ಚೀಟಿ ಬರೆಯಲಿಲ್ಲ. ಏರ್‌ಪೋರ್ಟಿಗೆ 2023ರಿಂದ ಮೆಟ್ರೊ ಇದೆ, ಅದನ್ನೇ ಹಿಡಿದೆ. ಮಧ್ಯೆ ಒಮ್ಮೆ ಬದಲಿಸಿ ಹಾಲಿಚ್ ಅನ್ನುವ ನಿಲ್ದಾಣದಲ್ಲಿ ಇಳಿದೆ. ಆ ನಿಲ್ದಾಣವೇ ನೀರಿನ ಮೇಲೆ, ಸೇತುವೆಯ ನಡುವೆ ಇದೆ! ಅಲ್ಲಿಂದ ದಡ ಹಿಡಿದು ಗಲಾಟಾ ಸೇತುವೆಗೆ ನಡೆದೆ. ಹೆಸರು ಗಲಾಟಾ, ಆದರೆ ಕಂಬಿಗೆ ಒರಗಿ ಸಾಲಾಗಿ ಗಾಳ ಹಾಕಿ ನಿಂತವರಲ್ಲಿ ಒಬ್ಬರೂ ತುಟಿ ಬಿಚ್ಚುವುದಿಲ್ಲ. ಪಕ್ಕದ ಎಮಿನೊನುವಿನಿಂದ ಕಡಿಕೊಯ್‌ಗೆ ಫೆರ್ರಿ ಹತ್ತಿದೆ. ಸುಮಾರು ಇಪ್ಪತ್ತು ನಿಮಿಷ, ಯುರೋಪಿನ ದಡದಿಂದ ಏಷ್ಯಾದ ದಡಕ್ಕೆ. ಹೊರಗಿನ ಬೆಂಚಿನಲ್ಲಿ ಕೂತಿದ್ದೆ, ಕಡಲಹಕ್ಕಿಗಳು ಕಂಬಿಯ ಪಕ್ಕದಲ್ಲೇ ರೆಕ್ಕೆ ಬಡಿಯದೆ ಜೊತೆಗೆ ತೇಲುತ್ತಿದ್ದವು. ಬಲಗಡೆ ಗುಡ್ಡದ ಮೇಲೆ, ಕಳೆದ ಸಲ ಬಾಗಿಲು ಹಾಕಿಕೊಂಡಿದ್ದ ಅದೇ ಟೋಪ್ಕಾಪಿ. ನೀರಿನಿಂದ ನೋಡಿದರೆ ಪೂರ್ತಿ ಕಾಣುತ್ತದೆ, ರಜೆಯೂ ಇಲ್ಲ, ಸಾಲೂ ಇಲ್ಲ.

ಅದಕ್ಕೇ ಈಗ ನಾನು ಲೇಓವರ್‌ನಲ್ಲಿ ಒಂದೇ ಜಾಗ ಇಟ್ಟುಕೊಳ್ಳುತ್ತೇನೆ. ಸಾಧ್ಯವಾದರೆ ಟಿಕೆಟ್ ಇಲ್ಲದ, ಸಾಲು ಇಲ್ಲದ, ಬಯಲಿನ ಜಾಗ. ನದಿ ದಂಡೆ, ಹಳೇ ಪೇಟೆಯ ಚೌಕ, ಸೇತುವೆ. ಮ್ಯೂಸಿಯಂ ನನ್ನ ಮಟ್ಟಿಗೆ ಬೇಡ. ಅಲ್ಲಿ ಹೋದರೆ ಅರ್ಧಕ್ಕೆ ಎದ್ದು ಬರಬೇಕಾಗುತ್ತದೆ, ಹೊಟ್ಟೆ ಉರಿಯುತ್ತದೆ.

ಇದೆಲ್ಲಕ್ಕೂ ಮೊದಲು ವೀಸಾ ನೋಡಿ. ಇದರಲ್ಲಿ ಅಂದಾಜು ನಡೆಯುವುದಿಲ್ಲ. ಟ್ರಾನ್ಸಿಟ್‌ನಲ್ಲಿ, ಅಂದರೆ ವಿಮಾನ ಬದಲಿಸುವಾಗ ಏರ್‌ಪೋರ್ಟ್ ಒಳಗೇ ಕೂತಿರಲು ವೀಸಾ ಬೇಡದ ದೇಶದಲ್ಲೂ ಬಾಗಿಲು ದಾಟಿ ಹೊರಗೆ ಕಾಲಿಡಲು ಬೇಕಾಗಬಹುದು. ನಿಮ್ಮ ಪಾಸ್‌ಪೋರ್ಟ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ, ಆ ದೇಶದ ಸರ್ಕಾರದ ವೆಬ್‌ಸೈಟ್‌ನಲ್ಲೇ ನೋಡಿಕೊಳ್ಳಿ, ಯಾರೋ ಗೆಳೆಯ ಹೋಗಿದ್ದ ಅಂತ ನಂಬಬೇಡಿ. ಅಮೆರಿಕದ್ದು ಇನ್ನೂ ಬೇರೆ. ಅಲ್ಲಿ ಹೊರದೇಶದಿಂದ ಬಂದವರಿಗೆ ಟ್ರಾನ್ಸಿಟ್ ಪ್ರದೇಶ ಅಂತಲೇ ಇಲ್ಲ, ಬರೀ ವಿಮಾನ ಬದಲಿಸುವವರೂ ಇಮಿಗ್ರೇಷನ್ ದಾಟಲೇಬೇಕು, ಸಾಮಾನ್ಯವಾಗಿ ಲಗೇಜ್ ಎತ್ತಿಕೊಂಡು ಮತ್ತೆ ಕೊಡಬೇಕು. ಯುರೋಪಿನ ಶೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) 2025ರ ಅಕ್ಟೋಬರ್‌ನಿಂದ ಹೊರಗಿನವರ ಬೆರಳಚ್ಚು, ಫೋಟೊ ತೆಗೆದುಕೊಳ್ಳುವ ಹೊಸ ಪದ್ಧತಿ ಶುರುವಾಗಿದೆ. ಮೊದಲ ಸಲ ಹೋಗುವವರು ಸಾಲಿಗೆ ಇನ್ನಷ್ಟು ಸಮಯ ಇಟ್ಟುಕೊಳ್ಳಿ.

ಒಂದು ಸಣ್ಣ ಬಲೆ ಇದೆ, ಜನ ಇದರಲ್ಲಿ ಬೀಳುತ್ತಾರೆ. ನಿಮ್ಮ ವೀಸಾ ಸಿಂಗಲ್ ಎಂಟ್ರಿ, ಅಂದರೆ ಒಂದೇ ಸಲ ಒಳಗೆ ಬಿಡುವಂಥದ್ದು, ಆಗಿದ್ದರೆ, ಲೇಓವರ್‌ನಲ್ಲಿ ಎರಡು ಗಂಟೆ ಹೊರಗೆ ಹೋಗಿ ಬಂದರೂ ಆ ಒಂದು ಎಂಟ್ರಿ ಮುಗಿದೇ ಹೋಯಿತು. ವಾಪಸ್ ಬರುವಾಗ ಅದೇ ಕಡೆ ನಾಲ್ಕು ದಿನ ಇರೋಣ ಅಂತ ಪ್ಲಾನ್ ಮಾಡಿದ್ದರೆ ಅದು ಕೈತಪ್ಪಿತು ಅಂತಲೇ ಲೆಕ್ಕ.

ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿವೆಯಾ ಅಂತಲೂ ನೋಡಿ. ಒಂದೇ ಬುಕಿಂಗ್ ಆದರೆ ದೊಡ್ಡ ಸೂಟ್‌ಕೇಸ್ ಸಾಮಾನ್ಯವಾಗಿ ಕೊನೆಯ ಊರಿಗೇ ನೇರ ಹೋಗುತ್ತದೆ. ಹೊರಡುವಾಗ ಕೌಂಟರ್‌ನಲ್ಲಿ ಕೊಡುವ ಟ್ಯಾಗ್ ಮೇಲಿನ ಮೂರಕ್ಷರದ ಕೋಡ್ ನೋಡಿಕೊಳ್ಳಿ, ಅದು ನಿಮ್ಮ ಕೊನೆಯ ಏರ್‌ಪೋರ್ಟಿನದಾಗಿರಬೇಕು. ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ ಮೊದಲ ವಿಮಾನ ತಡವಾದರೂ ಎರಡನೆಯವರಿಗೆ ಸಂಬಂಧವಿಲ್ಲ. ಆಗ ಮೊದಲನೆಯದು ಸಮಯಕ್ಕೆ ಇಳಿದ ಮೇಲಷ್ಟೇ ಹೊರಗೆ ಹೋಗುವ ಮಾತು. ಒಂದೇ ಬುಕಿಂಗ್ ಇದ್ದರೂ ಸುತ್ತಾಡಲು ಹೋಗಿ ವಿಮಾನ ತಪ್ಪಿಸಿಕೊಂಡರೆ ಅದು ನಿಮ್ಮ ತಲೆಗೇ. ಸಾಮಾನ್ಯವಾಗಿ ಮುಂದಿನ ವಿಮಾನಗಳೂ, ವಾಪಸ್ ಟಿಕೆಟ್ ಕೂಡ, ಅಲ್ಲಿಗೇ ರದ್ದು.

ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಕೆಲವು ಕಡೆ ಟ್ರಾನ್ಸಿಟ್ ಪ್ರಯಾಣಿಕರಿಗೆ ಪುಕ್ಕಟೆ ಟೂರ್ ಇದೆ. ಸಿಂಗಾಪುರದ ಚಾಂಗಿ, ದಕ್ಷಿಣ ಕೊರಿಯಾದ ಸಿಯೋಲ್ ಹತ್ತಿರದ ಇಂಚಿಯಾನ್, ತೈಪೆಯ ತಾವ್‌ಯುವಾನ್ ಏರ್‌ಪೋರ್ಟ್‌ಗಳಲ್ಲಿ ನಡೆಸುತ್ತಾರೆ. ಇಸ್ತಾಂಬುಲ್‌ನಲ್ಲಿ ಟರ್ಕಿಶ್ ಏರ್‌ಲೈನ್ಸ್ ತನ್ನ ಪ್ರಯಾಣಿಕರಿಗೆ ಮಾಡುತ್ತದೆ, 6ರಿಂದ 24 ಗಂಟೆ ಲೇಓವರ್ ಇರಬೇಕು. ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತಂದುಬಿಡುತ್ತಾರೆ, ಸಮಯದ ಚಿಂತೆ ಅವರದ್ದು. ನಿಂತ ಕಡೆ ಇನ್ನೂ ಹತ್ತು ನಿಮಿಷ ನಿಲ್ಲೋಣ ಅಂದರೆ ಆಗುವುದಿಲ್ಲ, ಅಷ್ಟೇ. ಮೊದಲ ಸಲ ಅಂದಿರಲ್ಲ, ನಿಮಗೆ ಇದು ಒಳ್ಳೆಯದು. ವೀಸಾ ನಿಯಮ ಮಾತ್ರ ಇದಕ್ಕೂ ಅನ್ವಯಿಸುತ್ತದೆ.

ಲೇಓವರ್ ರಾತ್ರಿ ಹನ್ನೊಂದಕ್ಕೆ ಶುರುವಾಗಿ ಬೆಳಗ್ಗೆ ಮುಗಿಯುವಂತಿದ್ದರೆ ನಾನು ಹೋಗುವುದಿಲ್ಲ. ಕೋಪನ್‌ಹೇಗನ್ ಮೆಟ್ರೊ ಇಡೀ ರಾತ್ರಿ ಓಡುತ್ತದೆ ನಿಜ, ಆದರೆ ಓಡಿ ಎಲ್ಲಿಗೆ ಹೋಗುವುದು, ಎಲ್ಲ ಬಾಗಿಲೂ ಹಾಕಿರುತ್ತದೆ ಅಲ್ವಾ? ಮಲಗಿಬಿಡಿ. ಚಾಂಗಿಯಂಥ ಕಡೆ ಇದ್ದರೆ ಏರ್‌ಪೋರ್ಟೇ ಒಂದು ಊರು. ಅಲ್ಲಿನ 40 ಮೀಟರ್ ಎತ್ತರದ ಒಳಾಂಗಣ ಜಲಪಾತ ಇರುವ ಜ್ಯುವೆಲ್ ಕಟ್ಟಡ ಇಮಿಗ್ರೇಷನ್‌ನ ಹೊರಗಡೆ ಇದೆ, ಅದು ಬಹಳ ಜನಕ್ಕೆ ಅಲ್ಲಿ ಹೋದ ಮೇಲೇ ಗೊತ್ತಾಗುವುದು. ಹೊರಗೆ ಹೋಗಲಾಗದವರು ಟರ್ಮಿನಲ್‌ಗಳ ನಡುವೆ ಓಡುವ ಪುಟ್ಟ ರೈಲಿನ ಕಿಟಕಿಯಿಂದ ಒಂದು ನೋಟ ನೋಡಬಹುದು.

ಕ್ಯಾಬಿನ್ ಬ್ಯಾಗನ್ನು ಏರ್‌ಪೋರ್ಟ್ ಲಾಕರ್‌ನಲ್ಲಿಟ್ಟು ಹೋಗಿ. ಯುರೋಪಿನ ಹಳೇ ಬೀದಿಗಳು ಕಲ್ಲುಹಾಸಿನವು, ಚಕ್ರದ ಬ್ಯಾಗ್ ಎಳೆದರೆ ಬೀದಿಗೆಲ್ಲ ಕೇಳುತ್ತದೆ. ಪಾಸ್‌ಪೋರ್ಟ್ ಮತ್ತು ಮುಂದಿನ ಬೋರ್ಡಿಂಗ್ ಪಾಸ್ ಮೈಮೇಲೇ ಇರಲಿ. ಊರಿನ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ, ಫೋನ್ ಚಾರ್ಜ್ ಮಾಡಿ. ಲಂಡನ್, ಸಿಂಗಾಪುರ, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ಬ್ಯಾಂಕ್ ಕಾರ್ಡನ್ನೇ ರೈಲು ನಿಲ್ದಾಣದ ಗೇಟಿಗೆ ಮುಟ್ಟಿಸಿ ಹೋಗಬಹುದು, ಮೂರು ಗಂಟೆಗೋಸ್ಕರ ದುಡ್ಡು ಬದಲಿಸುವ ಗೋಜು ಬೇಡ. ಹೊರಗೆ ಅತ್ತರು, ಎಣ್ಣೆ ಅಂತ ಬಾಟಲಿ ಕೊಳ್ಳಬೇಡಿ. ವಾಪಸ್ ಬರುವಾಗ ಮತ್ತೆ ಸೆಕ್ಯುರಿಟಿ, ಹೆಚ್ಚಿನ ಕಡೆ 100 ಮಿಲಿಗಿಂತ ದೊಡ್ಡ ಬಾಟಲಿ ಅಲ್ಲೇ ಬಿಡಬೇಕು.

ಇನ್ನೊಂದು, ಅಲಾರಂ. ವಿಮಾನದ ಸಮಯಕ್ಕೆ ಅಲ್ಲ, ಊರಿಂದ ವಾಪಸ್ ಹೊರಡುವ ಸಮಯಕ್ಕೆ. ಏರ್‌ಪೋರ್ಟ್ ಬಾಗಿಲು ದಾಟುವ ಮೊದಲೇ ಇಡಿ, ಫೋನ್ ಸ್ಥಳೀಯ ಸಮಯಕ್ಕೆ ಬದಲಾಗಿದೆಯಾ ಅಂತ ಗೋಡೆಯ ಗಡಿಯಾರದ ಜೊತೆ ಹೋಲಿಸಿ ನೋಡಿ. ಎರಡನೇ ಸಲ ಇಸ್ತಾಂಬುಲ್‌ನಲ್ಲಿ ನನ್ನ ಅಲಾರಂ ಬಾರಿಸಿದ್ದು ಕಡಿಕೊಯ್ ದಡದಲ್ಲಿ, ಬಂಡೆಯ ಮೇಲೆ ಕಾಲು ಚಾಚಿ ಕೂತಿದ್ದಾಗ. ಪಕ್ಕದಲ್ಲಿ ಮಲಗಿದ್ದ ಬೀದಿಬೆಕ್ಕು ಬೆಚ್ಚಿ ಎದ್ದು ಹೋಯಿತು. ನಾನೂ ಎದ್ದೆ. ಮುಂದಿನ ಫೆರ್ರಿಗೆ ಇನ್ನೂ ಆರು ನಿಮಿಷ ಇತ್ತು.