ಆರನೆಯ ಪುಟದ ಮೂರು ವಾಕ್ಯಗಳು

ಪ್ರಿಯ ಗೆಳೆಯರೇ,

ಯಾದಗಿರಿಯಿಂದ ನೀವು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದಿದ್ದು ಸಿಟ್ಟಿನಿಂದ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೆಚ್ಚಿದ್ದನ್ನೂ ಹೇಳಬೇಕಲ್ಲ: ಗಂಜ್‌ನಲ್ಲಿ ದಲ್ಲಾಳಿ ಅಡತಿಯವನು ಸಾಬಣ್ಣನ ತೊಗರಿ ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಳು ಬಾಯಿಗೆ ಎಸೆದುಕೊಂಡು ಕಡಿದು, ‘ಹಸಿ ಇದೆ’ ಎಂದು ಬೆಲೆ ಇಳಿಸುವ ಪ್ರಸಂಗ ಚೆನ್ನಾಗಿದೆ. ಭಾಷೆಯೂ ಹದವಾಗಿದೆ. ಅಲ್ಲಿಗೆ ಹೊಗಳಿಕೆ ಮುಗಿಯಿತು.

ಈ ಅಂಕಣ ಓದುವ ಉಳಿದವರಿಗಾಗಿ ಕಥೆಯ ಎಳೆ ಇಷ್ಟು. ಸುರಪುರದ ಕಡೆಯ ಸಾಬಣ್ಣನಿಗೆ ನಾಲ್ಕು ಎಕರೆ ಎರೆ ಹೊಲ. ತೊಗರಿ ನೆಟೆ ರೋಗಕ್ಕೆ ಒಣಗುತ್ತದೆ, ಸಾಲದ ಕಂತು ತಪ್ಪುತ್ತದೆ, ಎತ್ತು ಮಾರಾಟವಾಗುತ್ತದೆ, ಕೊನೆಗೆ ಅವನು ಕಾಡು ಸೇರಿ ನಕ್ಸಲನಾಗುತ್ತಾನೆ. ಆ ತಿರುವು ಬರುವುದು ಆರನೆಯ ಪುಟದಲ್ಲಿ, ಮೂರು ವಾಕ್ಯಗಳಲ್ಲಿ: ‘ಹಸಿವು ಅವನ ಕರುಳನ್ನು ಕಿತ್ತು ತಿನ್ನುತ್ತಿತ್ತು. ಅವನಿಗೆ ಬೇರೆ ದಾರಿಯೇ ಇರಲಿಲ್ಲ. ಅವನು ಬಂದೂಕು ಎತ್ತಿಕೊಂಡನು.’

ಕಥೆಯಲ್ಲಿ ಬೇರೆ ಲೋಪಗಳಿವೆ, ಅವುಗಳ ಗೊಡವೆಗೆ ನಾನು ಹೋಗುವುದಿಲ್ಲ. ಈ ಮೂರು ವಾಕ್ಯಗಳು ಮಾತ್ರ ನನ್ನನ್ನು ಎರಡು ದಿನ ಕಾಡಿವೆ.

ಮೊದಲ ವಾಕ್ಯ. ನಾಲ್ಕನೆಯ ಪುಟದಲ್ಲಿ ಸಾಬಣ್ಣನ ಹೆಂಡತಿ ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ತಂದಿದ್ದಾಳೆ. ಹಿತ್ತಲಲ್ಲಿ ಪುಂಡಿ ಸೊಪ್ಪು ಇದೆ ಎಂದೂ ನೀವೇ ಬರೆದಿದ್ದೀರಿ. ಎರಡೇ ಪುಟದಲ್ಲಿ ಕರುಳು ಕಿತ್ತು ತಿನ್ನುವ ಹಸಿವು ಎಲ್ಲಿಂದ ಬಂತು? ಅವನ ಕಷ್ಟ ಏನೆಂದು ನಿಮಗೆ ಗೊತ್ತಿದೆ, ಬರೆದೂ ಇದ್ದೀರಿ: ವಾರದ ಕಂತು ಕಟ್ಟದ್ದಕ್ಕೆ ಸಂಘದ ಹೆಂಗಸರು ಸಂಜೆಯವರೆಗೂ ಅವನ ಕಟ್ಟೆಯ ಮೇಲೆ ಕುಳಿತಿದ್ದರು, ಅವರಲ್ಲಿ ಅವನ ಅತ್ತಿಗೆಯೂ ಇದ್ದಳು. ಅದನ್ನು ಒಂದೂವರೆ ಸಾಲಿನಲ್ಲಿ ಮುಗಿಸಿ ಹಸಿವಿನ ಹಿಂದೆ ಓಡಿದ್ದೀರಿ. ಹಸಿವು ಎಂದರೆ ಓದುಗ ತಕರಾರಿಲ್ಲದೆ ಒಪ್ಪುತ್ತಾನೆ ಎಂಬ ಲೆಕ್ಕವೇ?

ಎರಡನೆಯದು, ‘ಬೇರೆ ದಾರಿಯೇ ಇರಲಿಲ್ಲ’. ಒಂದು ರಾತ್ರಿ ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ ಹೋಗಿ ನಿಲ್ಲಿ. ಬೆಂಗಳೂರಿನ ಬಸ್ಸಿನ ಮೇಲೆ ಏನೇನು ಏರುತ್ತದೆ ನೋಡಿ: ಜೋಳದ ಹಿಟ್ಟಿನ ಚೀಲ, ಹಂಚು, ಬಾಯಿಗೆ ಬಟ್ಟೆ ಕಟ್ಟಿದ ಕೊಡ, ಸುತ್ತಿದ ಕೌದಿ. ಕೆಳಗೆ ಒಬ್ಬ ಅಜ್ಜಿ, ಅವಳ ಸೊಂಟದ ಮೇಲೆ ಶಾಲೆಗೆಂದು ಬಿಟ್ಟುಹೋಗುತ್ತಿರುವ ಮಗು. ಸಾಬಣ್ಣನ ದಾರಿ ಅದು. ಸಾವಿರಾರು ಸಾಬಣ್ಣರು ತುಳಿದು ಸವೆದ ದಾರಿ. ಅದಕ್ಕೆ ಗುಳೆ ಎಂಬ ಹೆಸರೂ ಇದೆ. ಬಡತನವೊಂದೇ ಬಂದೂಕು ಕೊಡುವಂತಿದ್ದರೆ ನಮ್ಮ ಮೂರು ಜಿಲ್ಲೆಗಳಲ್ಲಿ ಹೊಲ ಉಳಲು ಯಾರೂ ಉಳಿಯುತ್ತಿರಲಿಲ್ಲ.

ಇನ್ನೊಂದು ಲೆಕ್ಕ ನೋಡಿ. ರಾಜ್ಯದ ತಲಾ ಆದಾಯದ ಪಟ್ಟಿಯಲ್ಲಿ ಕಲಬುರಗಿ, ಯಾದಗಿರಿ ತಳದಲ್ಲಿರುತ್ತವೆ. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಮೇಲಿರುತ್ತವೆ. ಕರ್ನಾಟಕದ ನಕ್ಸಲರು ನೆಲೆ ಹುಡುಕಿದ್ದು ಆ ಮೇಲಿನ ಜಿಲ್ಲೆಗಳ ಘಟ್ಟದಲ್ಲಿ. ಅಲ್ಲಿನ ಕಾಡಂಚಿನ ಜನರೂ ಬಡವರೇ, ನಿಜ. ಆದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಮನೆ-ಗದ್ದೆ ಬಿಟ್ಟು ಏಳಬೇಕಾದೀತು ಎಂಬ ಭಯ ಅವರ ಬಾಗಿಲಿಗೆ ಬಂದಿತ್ತು. ಆ ಭಯದ ಬೆನ್ನಿಗೇ ಅದನ್ನು ಮಾತಾಗಿಸುವವರೂ ಬಂದರು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಶರಣಾದ ಆರು ಮಂದಿಯಲ್ಲಿ ಮೂವರು ಘಟ್ಟದ ಆಸುಪಾಸಿನವರು. ಒಬ್ಬರು ಮಾತ್ರ ನಮ್ಮ ಪಕ್ಕದ ರಾಯಚೂರಿನವರು.

ಹಾಗೆಂದು ನಿಮ್ಮ ಎಳೆ ಪೂರ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಆಫ್ರಿಕಾದ ಎಂಟು ದೇಶಗಳಲ್ಲಿ ಸುಮಾರು 2,200 ಮಂದಿಯನ್ನು ಮಾತನಾಡಿಸಿ 2023ರಲ್ಲಿ ಒಂದು ವರದಿ ತಂದರು. ಸ್ವಂತ ಮನಸ್ಸಿನಿಂದ ಉಗ್ರರ ಗುಂಪು ಸೇರಿದವರಲ್ಲಿ ಕಾಲು ಭಾಗ ಜನ ಕೆಲಸವಿಲ್ಲದ್ದನ್ನೇ ಮುಖ್ಯ ಕಾರಣವಾಗಿ ಹೇಳಿದ್ದರು. ಧರ್ಮವನ್ನು ಹೇಳಿದವರು ಅದಕ್ಕಿಂತ ಕಡಿಮೆ. ಆದರೆ ‘ಇಂಥದೊಂದು ಘಟನೆ ನನ್ನನ್ನು ತಳ್ಳಿತು’ ಎಂದವರ ಪೈಕಿ ಶೇ 71ರಷ್ಟು ಮಂದಿ ತೋರಿಸಿದ್ದು ದೌರ್ಜನ್ಯವನ್ನು, ಬಹಳ ಸಲ ಸರ್ಕಾರದ ಪಡೆಗಳೇ ನಡೆಸಿದ ದೌರ್ಜನ್ಯವನ್ನು. ಕಥೆಗಾರನಿಗೆ ಬೇಕಾದದ್ದು ಆ ಗಳಿಗೆ. ಸಾಬಣ್ಣನ ಬದುಕಿನಲ್ಲಿ ಅದು ಎಲ್ಲಿದೆ? ನಿಮ್ಮ ಎಂಟು ಪುಟಗಳಲ್ಲಿ ಒಬ್ಬ ಪೊಲೀಸನೂ ಇಲ್ಲ.

ಮೂರನೆಯ ವಾಕ್ಯಕ್ಕೆ ಬರುತ್ತೇನೆ. ‘ಎತ್ತಿಕೊಂಡನು’. ಎಲ್ಲಿಂದ? ಬಂದೂಕೇನು ಕುಡುಗೋಲಿನ ಹಾಗೆ ಸೂರಿನಲ್ಲಿ ಸಿಕ್ಕಿಸಿಟ್ಟಿತ್ತೇ? ಇನ್ನು ನೀವು ಬರೆದ ಜಡಿಮಳೆ, ಜಿಗಣೆ, ಬಿಸಿಲು ಕಾಣದ ಕಾಡು ಎಲ್ಲವೂ ಘಟ್ಟದವು. ನಮ್ಮ ಕಡೆಯ ಚಿಂಚೋಳಿಯ ಎಲೆ ಉದುರುವ ಕಾಡಿನಲ್ಲಿ ಜಿಗಣೆ ಹುಡುಕಲು ಹೋಗಬೇಡಿ. ಅಂದರೆ ಅವನು ನೂರಾರು ಕಿಲೋಮೀಟರ್ ಪ್ರಯಾಣ ಮಾಡಿದ್ದಾನೆ. ಕಂತು ಕಟ್ಟಲು ದುಡ್ಡಿಲ್ಲದವನಿಗೆ ಬಸ್ ಚಾರ್ಜು ಕೊಟ್ಟವರು ಯಾರು? ನಿಮ್ಮ ಕಥೆ ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ನನ್ನ ಸಿಟ್ಟಿಗೆ ಒಂದು ಹಳೆಯ ಕಾರಣವಿದೆ. ಎಂಬತ್ತರ ದಶಕದಲ್ಲಿ, ಈ ಊರು ಇನ್ನೂ ಗುಲ್ಬರ್ಗವಾಗಿದ್ದಾಗ, ನಾನು ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಧಣಿಯನ್ನು ಕೊಲ್ಲುವ ಜೀತದಾಳಿನ ಕಥೆಯೊಂದನ್ನು ಬರೆದು ಸಂಪಾದಕರ ಮೇಜಿನ ಮೇಲಿಟ್ಟೆ. ‘ಶತಮಾನಗಳ ಶೋಷಣೆ ಅವನ ಕೊಡಲಿಯಲ್ಲಿ ಮಿಂಚಿತು’ ಎಂಬುದು ಅದರ ಕೊನೆಯ ವಾಕ್ಯ. ಬಹಳ ಹೆಮ್ಮೆಯಿತ್ತು. ಅವರು ಓದಿ, ಕನ್ನಡಕ ತೆಗೆದು, ‘ಕೊಡಲಿಯ ಕಾವು ಯಾವ ಕಟ್ಟಿಗೆಯದು?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಆಚೆ ಮೊಳೆ ಜೋಡಿಸುತ್ತಿದ್ದವನು ‘ಜಾಲಿ’ ಎಂದ. ಅವನು ನಕ್ಕದ್ದು ಇಂದಿಗೂ ಕಿವಿಯಲ್ಲಿದೆ.

ಆ ಹಿರಿಯರು 1948ರಲ್ಲಿ ಹೈದರಾಬಾದ್ ನಿಜಾಮನ ಪರ ನಿಂತ ರಜಾಕಾರರ ಪಡೆಯ ವಿರುದ್ಧ ಗಡಿ ಶಿಬಿರ ಸೇರಿದ್ದವರು. ನಿಜಾಮನ ಕರೋಡಗಿರಿ ನಾಕಾಗಳ, ಅಂದರೆ ಸುಂಕದ ಕಟ್ಟೆಗಳ ಮೇಲೆ ಬೀಳುತ್ತಿದ್ದ ಶಿಬಿರಗಳವು. ಏಕೆ ಹೋದಿರಿ ಎಂದು ಕೇಳಿದೆ. ದೇಶ, ಸ್ವಾತಂತ್ರ್ಯ ಎಂಬ ಉತ್ತರ ಕಾಯುತ್ತಿದ್ದೆ. ‘ಸೋದರಮಾವ ಹೋಗಿದ್ದ. ಶಾಲೆಯ ಗೆಳೆಯ ಹೋಗಿದ್ದ. ನಾನೊಬ್ಬ ಮನೆಯಲ್ಲಿ ಉಳಿಯಲು ನಾಚಿಕೆಯಾಯಿತು’ ಎಂದರು. ಮೊದಲ ದಿನ ಅವರ ಕೈಗೆ ಸಿಕ್ಕಿದ್ದು ರೊಟ್ಟಿ ಬೇಯಿಸುವ ಹಂಚಂತೆ, ಬಂದೂಕು ಮುಟ್ಟಲು ತಿಂಗಳು ಕಾಯಬೇಕಾಯಿತಂತೆ. ‘ನಿಮ್ಮ ಮನೆಯ ಆಳು ಬರಲಿಲ್ಲವೇ?’ ಎಂದೆ. ‘ಅವನಿಗೆ ರಜೆ ಎಲ್ಲಿತ್ತು?’ ಎಂದು ಮತ್ತೆ ಕನ್ನಡಕ ಏರಿಸಿದರು.

ಆದರೆ ಅದೇ ನಿಜಾಮನ ರಾಜ್ಯದಲ್ಲಿ, ಅದೇ ವರ್ಷಗಳಲ್ಲಿ, ನಲ್ಗೊಂಡ-ವರಂಗಲ್ ಕಡೆ ವೆಟ್ಟಿ, ಅಂದರೆ ಬಿಟ್ಟಿ ಚಾಕರಿ, ದುಡಿಯುತ್ತಿದ್ದ ಆಳುಗಳೇ ಎದ್ದರು. 1946ರಿಂದ 1951ರವರೆಗೆ ನಡೆದ ಹೋರಾಟ ಅದು. ಬಡತನ ಆ ಕಡೆಗೂ ಇತ್ತು, ಈ ಕಡೆಗೂ ಇತ್ತು. ಆ ಕಡೆ ‘ಸಂಘಂ’ ಎಂಬುದೊಂದು ಹಳ್ಳಿ ಹಳ್ಳಿಗೆ ಹೋಗಿತ್ತು. ಜಮೀನ್ದಾರ ದೇಶಮುಖನಿಗೆ ಪುಕ್ಕಟೆ ದುಡಿಯಬೇಡ ಎಂದು ಹೇಳುವ ಒಬ್ಬ ಪರಿಚಿತ ಮುಖ ಓಣಿಯಲ್ಲೇ ಇತ್ತು. ನಿಮ್ಮ ಕಥೆಯಲ್ಲಿ ಆ ಮುಖವಿಲ್ಲ. ತೊಗರಿ ಒಣಗಿತು, ಮನುಷ್ಯ ಕಾಡಿಗೆ ಹೋದ. ನಡುವೆ ಯಾರೂ ಅವನೊಡನೆ ಒಂದು ಮಾತೂ ಆಡಲಿಲ್ಲ.

ಈ ಸಲ ಪ್ರಕಟಿಸುವುದಿಲ್ಲ. ಶರಣಬಸವೇಶ್ವರ ಜಾತ್ರೆಯೊಳಗೆ ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ. ಮೊದಲ ಐದು ಪುಟಗಳನ್ನು ಮುಟ್ಟಬೇಡಿ.

ಹಾಂ, ಎತ್ತಿನ ವಿಷಯ. ಎರಡನೆಯ ಪುಟದಲ್ಲಿ ಜೋಡಿ ಇದ್ದವು. ಐದನೆಯದರಲ್ಲಿ ಒಂದನ್ನು ಮಾರುತ್ತಾನೆ, ಇನ್ನೊಂದರ ಸುದ್ದಿಯೇ ಇಲ್ಲ. ಒಂಟಿ ಎತ್ತು ಉಳಿದವನು ಊರಿನಲ್ಲಿ ಇನ್ನೊಬ್ಬ ಒಂಟಿ ಎತ್ತಿನವನನ್ನು ಹುಡುಕಿಕೊಂಡು ಹೋಗುತ್ತಾನೆ. ಇಬ್ಬರೂ ಕೂಡಿ ಗಳೆ ಹೂಡುತ್ತಾರೆ, ಬದುವಿನ ಮೇಲೆ ಕೂಡಿ ಬುತ್ತಿ ಬಿಚ್ಚುತ್ತಾರೆ. ಆ ಇನ್ನೊಬ್ಬ ಯಾರು?