ಯಾರೂ ಮುಟ್ಟದ ವಸ್ತು ಬೇಕೇ?

ಸೋಮವಾರಪೇಟೆ ಕಡೆಯ ಓದುಗರೊಬ್ಬರು ಕಥೆಯ ಜೊತೆಗೊಂದು ಪತ್ರ ಇಟ್ಟಿದ್ದಾರೆ: ‘ನಮ್ಮ ತಂದೆ ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದರು. 2018ರ ಕೊಡಗಿನ ಭೂಕುಸಿತದ ಮೇಲೆ ಈ ಕಥೆ ಬರೆದೆ. ಆಮೇಲೆ ನೋಡಿದರೆ ಅದರ ಬಗ್ಗೆ ಆಗಲೇ ಎಷ್ಟೋ ಕಥೆ ಬಂದಿವೆ. ಹೊಸ ವಸ್ತು ಸಿಗುವವರೆಗೆ ಬರೆಯುವುದನ್ನೇ ನಿಲ್ಲಿಸಲೇ?’

ನಿಲ್ಲಿಸಬೇಡಿ. ಕೊಡವ ಭಾಷೆಯ ಕವಿ ಹರದಾಸ ಅಪ್ಪಚ್ಚ ಕವಿಗಳು 1906ರಲ್ಲಿ ನಾಟಕಕ್ಕೆ ಎತ್ತಿಕೊಂಡದ್ದು ಯಯಾತಿಯನ್ನು. ಆಮೇಲೆ ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ. ಇದರಲ್ಲಿ ಯಾವ ಕಥೆ ಹೊಸದು? ಆದರೆ ಆ ರಾಜ ರಾಣಿಯರು ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ ಮಾತಾಡಿದರಲ್ಲ, ಅದು ಹೊಸದು.

ಕೊಡವರ ಮದುವೆಯಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ನಾಲ್ವರು ಹಾಡುವ ಪಾಟ್ (ಹಾಡು) ಕೇಳಿರುತ್ತೀರಿ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲೇ ‘ಪಟ್ಟೋಲೆ ಪಳಮೆ’ಯಲ್ಲಿ ಇಂಥ ಹಾಡುಗಳನ್ನು ಅಚ್ಚು ಹಾಕಿಸಿದರು. ಹಾಗಂತ ಹಾಡುಗಾರರ ಕೆಲಸ ಮುಗಿಯಿತೇ? ಇವತ್ತಿನ ಮದುಮಗನ ಹೆಸರು, ಅವನ ಒಕ್ಕದ (ಮನೆತನದ) ಹೆಸರು ಪುಸ್ತಕದಲ್ಲಿ ಇರುವುದಿಲ್ಲ. ಅದನ್ನು ಹಾಡುವವರೇ ಸೇರಿಸಬೇಕು.

ಈಗ ನಿಮ್ಮ ಕಥೆ. ಮೊದಲ ಎರಡು ಪುಟ ನಿಮ್ಮದಲ್ಲ ಅನ್ನಿಸಿತು. ಕದ್ದಿದ್ದೀರಿ ಅಂತಲ್ಲ. ಇನ್ನೊಬ್ಬರ ವಾಕ್ಯ ಎತ್ತುವುದು ಬೇರೆ ಮಾತು. ಆದರೆ ‘ಪ್ರಕೃತಿಯ ಮುನಿಸು’, ‘ವರುಣನ ಅಬ್ಬರ’, ‘ಕಣ್ಣೀರ ಕೋಡಿ’ ಇವೆಲ್ಲ ಆ ಆಗಸ್ಟ್‌ನಲ್ಲಿ ಪೇಪರ್ ಓದಿದ ಎಲ್ಲರ ತಲೆಯಲ್ಲೂ ಕೂತ ಮಾತುಗಳು. ನಮಗೆ ಬರುವ ಕಥೆಗಳು ಒಂದೇ ಥರ ಕಾಣುವುದು ಇದರಿಂದ. ಗುಡ್ಡ ಕುಸಿದದ್ದರಿಂದಲ್ಲ.

ಮೂರನೇ ಪುಟದಲ್ಲಿ ರೈಟ್ರು ಬರುತ್ತಾರೆ. ಆಳುಗಳ ಲೈನ್ ಮನೆ ಮಣ್ಣಿನಡಿ ಹೋದ ಮಾರನೇ ಬೆಳಿಗ್ಗೆ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ ತೆಗೆದು ಎಂದಿನಂತೆ ಹೆಸರು ಕರೆಯುತ್ತಾರೆ. ಸತ್ತವನ ಹೆಸರಿನ ಮುಂದೆ ‘ಗೈರು’ ಅಂತ ಹಾಕುವುದೋ, ಹೆಸರನ್ನೇ ಹೊಡೆದುಹಾಕುವುದೋ ತಿಳಿಯದೆ ಪೆನ್ನು ಹಿಡಿದು ನಿಲ್ಲುತ್ತಾರೆ. ಅಲ್ಲಿ ನಾನು ವಾಪಸ್ ಹೋಗಿ ಇನ್ನೊಂದು ಸಲ ಓದಿದೆ. ರೈಟರ ಮನೆಯಲ್ಲಿ ಬೆಳೆದವರಿಗೆ ಹೊಳೆಯುವ ಸಂಗತಿ ಅದು, ಅಲ್ವಾ?

ಒಂದು ಎಚ್ಚರಿಕೆ ಮಾತ್ರ. ನನ್ನ ದನಿ ಕೇಳಿಸಲಿ ಅಂತ ಸುಮ್ನೆ ಊರಿನ ಮಾತು ತುರುಕಬೇಡಿ. ಪಂದಿಕರಿ (ಹಂದಿ ಸಾರು), ಕಡಂಬುಟ್ಟು (ಅಕ್ಕಿ ಕಡುಬು) ಬಂದರೆ ಕೊಡಗಿನ ಕಥೆ ಆಯಿತು ಅಂದುಕೊಂಡವರು ಜಾಸ್ತಿ. ಅದು ಹೋಟೆಲಿನ ಮೆನು.

ಮೊದಲ ಎರಡು ಪುಟ ತೆಗೆದು, ರೈಟರಿಂದಲೇ ಶುರು ಮಾಡಿ ನೋಡಿ. ಕೊನೆಯಲ್ಲಿ ಅವರು ಬಿಕ್ಕಿ ಅಳುವುದು ನನಗೆ ಬೇಡವೆನಿಸಿತು, ಆದರೆ ಅದು ನಿಮಗೆ ಬಿಟ್ಟದ್ದು. ಹುತ್ತರಿ ಸಂಚಿಕೆಯಲ್ಲಿ ಜಾಗ ಇದೆ, ತಿದ್ದಿ ಕಳಿಸಿ.

— ಸಂಪಾದಕ