ಬಿದ್ದ ಬೈಕ್: ಒಡೆದ ಪ್ಯಾನೆಲ್, ನೆಗ್ಗಿದ ಟ್ಯಾಂಕ್, ಬೆಳ್ಳಗಾದ ಬಣ್ಣ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮಳೆಯಲ್ಲಿ ಜಾರಿ ಬಿದ್ದ ಬೈಕುಗಳದ್ದೇ. ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಬೈಕ್ ಬಲಬದಿಗೆ ಬಿದ್ದು ಸೈಡ್ ಪ್ಯಾನೆಲ್ ನಾಲ್ಕು ಇಂಚು ಸೀಳಿದೆ, ಅದರ ಒಂದು ಲಾಕ್ (ರಬ್ಬರ್ ಬುಷ್ಷಿನೊಳಗೆ ಕೂರುವ ಗೂಟ) ಮುರಿದಿದೆ. ಮುಂದಿನ ಮಡ್‌ಗಾರ್ಡ್ ಕೂಡ ಬಿರುಕು ಬಿಟ್ಟಿದೆ. ಎರಡಕ್ಕೂ ಫೆವಿಕ್ವಿಕ್ ಹಾಕಿದೆ. ಪ್ಯಾನೆಲ್ ಒಂದು ವಾರ ನಿಂತಿತು, ಮಡ್‌ಗಾರ್ಡ್ ಅಂಟಲೇ ಇಲ್ಲ. ಯಾಕೆ ಹೀಗೆ? (ತೀರ್ಥಹಳ್ಳಿ)

ಉತ್ತರ: ಎರಡೂ ಪ್ಲಾಸ್ಟಿಕ್ಕೇ, ಆದರೆ ಜಾತಿ ಬೇರೆ. ಬಿಚ್ಚಿ ಒಳಮೈ ನೋಡಿ. ಪ್ಲಾಸ್ಟಿಕ್ಕಿನ ಜಾತಿಯನ್ನು ಎಬಿಎಸ್ (ABS) ಅಥವಾ ಪಿಪಿ (PP, ಅಂದರೆ ಪಾಲಿಪ್ರೊಪಿಲೀನ್) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚೊತ್ತಿರುತ್ತದೆ. ಅಚ್ಚು ಕಾಣದಿದ್ದರೆ ಒಡೆದ ಅಂಚಿನಿಂದ ಬಣ್ಣವಿಲ್ಲದ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ. ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ನಿಮ್ಮ ಮಡ್‌ಗಾರ್ಡ್ ಪಿಪಿ ಇರಬೇಕು. ಅದರ ಮೈ ಮೇಣದಂತೆ, ಮಾಮೂಲಿ ಅಂಟು ಯಾವುದೂ ಅದರ ಮೇಲೆ ಕೂರುವುದಿಲ್ಲ. ಪ್ಯಾನೆಲ್ ಎಬಿಎಸ್ ಆದ್ದರಿಂದ ಅಂಟಿತು. ಆದರೆ ಫೆವಿಕ್ವಿಕ್ ಒಣಗಿದ ಮೇಲೆ ಗಾಜಿನ ಹಾಗೆ ಗಡುಸಾಗುತ್ತದೆ, ಎಂಜಿನ್ನಿನ ನಡುಕಕ್ಕೆ ಬಾಗಲಾರದೆ ಬಿಟ್ಟುಕೊಳ್ಳುತ್ತದೆ.

ಮೊದಲು ಪ್ಯಾನೆಲ್. ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ. ಬಿರುಕು ಎಲ್ಲಿ ಕೊನೆಯಾಗುತ್ತದೋ ಸರಿಯಾಗಿ ಅಲ್ಲಿ 2ರಿಂದ 3 ಮಿ.ಮೀ. ತೂತು ಕೊರೆಯಿರಿ. ಬಿರುಕಿನ ತುದಿ ಸೂಜಿಮೊನೆಯಂತೆ ಚೂಪಾಗಿರುವುದರಿಂದ ಎಳೆತವೆಲ್ಲ ಅಲ್ಲೇ ಬಂದು ಸೇರಿ ಸೀಳು ಮುಂದಕ್ಕೆ ಓಡುತ್ತದೆ. ದುಂಡಗಿನ ತೂತು ಆ ಓಟವನ್ನು ನಿಲ್ಲಿಸುತ್ತದೆ. ಈ ಕೆಲಸ ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಆಮೇಲೆ ಒಳಬದಿಯಲ್ಲಿ ಬಿರುಕಿನುದ್ದಕ್ಕೂ, ದಪ್ಪದ ಅರ್ಧದಷ್ಟು ಆಳಕ್ಕೆ, ಇಳಿಜಾರು ಕಾಲುವೆ ತೋಡಿ. ಒಂದೂವರೆ ಇಂಚು ಅಗಲದ ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯನ್ನು ಅದರ ಮೇಲಿಟ್ಟು, ಸೋಲ್ಡರಿಂಗ್ ಐರನ್ನಿನಿಂದ ಒತ್ತುತ್ತಾ ಪ್ಲಾಸ್ಟಿಕ್ಕಿನೊಳಗೆ ಹುದುಗಿಸಿ. ತೀರಾ ಒತ್ತಿದರೆ ಹೊರಮೈಯಲ್ಲಿ ಗುರುತು ಏಳುತ್ತದೆ, ಆಗಾಗ ತಿರುಗಿಸಿ ನೋಡಿಕೊಳ್ಳಿ.

ಕಾಲುವೆ ತುಂಬಲು ಗುಜರಿಯಲ್ಲಿ ಸಿಗುವ ಒಡೆದ ಎಬಿಎಸ್ ಚೂರುಗಳನ್ನು ಕಡಲೆಬೇಳೆ ಗಾತ್ರಕ್ಕೆ ಕತ್ತರಿಸಿ ಗಾಜಿನ ಬಾಟಲಿಗೆ ಹಾಕಿ, ಮುಳುಗುವಷ್ಟು ಅಸಿಟೋನ್ ಸುರಿದು ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಅದು ದೋಸೆ ಹಿಟ್ಟಿನ ಹದಕ್ಕೆ ಬಂದಿರಬೇಕು. ನೀರಾಗಿದ್ದರೆ ಇನ್ನಷ್ಟು ಚೂರು ಹಾಕಿ. ಅಸಿಟೋನ್ ಆರುತ್ತಾ ಹೋದಂತೆ ಹಿಟ್ಟು ಕುಗ್ಗುವುದರಿಂದ ಒಂದೇ ಸಲ ದಪ್ಪಗೆ ಬಳಿಯದೆ ಮೂರು ಸಲ ತೆಳ್ಳಗೆ ಬಳಿಯಿರಿ. ಉಜ್ಜುವ ಮುನ್ನ ಪೂರ್ತಿ ಎರಡು ದಿನ ಆರಲಿ. ಅಸಿಟೋನಿಗೆ ಬೆಂಕಿ ಬೇಗ ತಗಲುತ್ತದೆ. ಸೋಲ್ಡರಿಂಗ್ ಕೆಲಸವನ್ನೆಲ್ಲ ಮೊದಲೇ ಮುಗಿಸಿ, ಐರನ್ ತಣ್ಣಗಾದ ಮೇಲಷ್ಟೇ ಬಾಟಲಿ ತೆರೆಯಿರಿ.

ಮುರಿದ ಲಾಕನ್ನೂ ಇದೇ ಹಿಟ್ಟಿನಿಂದ ಕೂರಿಸಬಹುದು. ಆದರೆ ಹಾಗೇ ನಿಲ್ಲಿಸಿದರೆ ಮತ್ತೆ ಮುರಿಯುತ್ತದೆ. ಬುಡದಲ್ಲಿ ಸಣ್ಣ ತೂತು ಕೊರೆದು ಒಂದು ತುಂಡು ಸ್ಟೀಲ್ ತಂತಿ ತೂರಿಸಿ, ಸುತ್ತ ಹಿಟ್ಟು ಕಟ್ಟಿ. ಲಾಕ್ ಕೂರುವ ರಬ್ಬರ್ ಬುಷ್ ಬಿರುಸಾಗಿದ್ದರೆ ಬದಲಿಸಿ. ಲಾಕ್ ಮುರಿಯುವುದು ಬೈಕ್ ಬಿದ್ದಾಗಿನದಕ್ಕಿಂತ ಹೆಚ್ಚಾಗಿ ಒಣಗಿದ ಬುಷ್‌ನಿಂದ ಪ್ಯಾನೆಲ್ಲನ್ನು ಓರೆಯಾಗಿ ಎಳೆದಾಗ. ಸೋಪು ನೀರು ಸವರಿ ನೇರವಾಗಿ ಎಳೆಯಿರಿ.

ಪಿಪಿ ಮಡ್‌ಗಾರ್ಡಿಗೆ ಅಸಿಟೋನ್ ಏನೂ ಮಾಡದು. ಬಿಸಿಗಾಳಿಯಲ್ಲಿ ಪಿಪಿ ಕಡ್ಡಿಯನ್ನೇ ಕರಗಿಸಿ ಬೆಸೆಯಬೇಕು. ಎಬಿಎಸ್ ಕಡ್ಡಿ ಹಾಕಿದರೆ ಎರಡೂ ಕಲೆಯುವುದಿಲ್ಲ, ಮೇಲೆ ಕೂತಂತೆ ಕಂಡರೂ ಉಗುರಿನಿಂದ ಎಬ್ಬಿಸಬಹುದು. ಬಿರುಕು ಬೋಲ್ಟಿನ ತೂತನ್ನೇ ಸೀಳಿದ್ದರೆ ರಿಪೇರಿ ಬೇಡ, ಹೊಸದು ಹಾಕಿ. ಓಡುವಾಗ ಮಡ್‌ಗಾರ್ಡ್ ಕಳಚಿ ಚಕ್ರಕ್ಕೆ ಸಿಕ್ಕಿದರೆ ಮುಂದಿನ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ.

ಪ್ರಶ್ನೆ: ಬಿದ್ದಾಗ ಹ್ಯಾಂಡಲ್ ತಾಗಿ ಟ್ಯಾಂಕಿನಲ್ಲಿ ನಿಂಬೆಹಣ್ಣಿನಷ್ಟು ನೆಗ್ಗಿದೆ. ಮೊಳೆ ವೆಲ್ಡ್ ಮಾಡಿ ಎಳೆಯುತ್ತೇವೆ, ಟ್ಯಾಂಕ್ ಖಾಲಿ ಮಾಡಿದರೆ ಸಾಕು ಎನ್ನುತ್ತಾರೆ ಇಲ್ಲಿಯ ಅಂಗಡಿಯವರು. ಮಾಡಿಸಬಹುದೇ? (ಹಾಸನ)

ಉತ್ತರ: ಬೇಡ. ಅದಕ್ಕೂ ಮೊದಲು ಇನ್ನೊಂದು ವಿಷಯ ನೋಡಿ: ಹ್ಯಾಂಡಲ್ ಟ್ಯಾಂಕಿಗೆ ತಾಗಿದ್ದು ಹೇಗೆ? ಎಷ್ಟೇ ತಿರುಗಿಸಿದರೂ ತಾಗದಂತೆ ತಡೆಯುವ ಲೋಹದ ಗಟ್ಟಿಯೊಂದು (ಸ್ಟಾಪರ್) ಫ್ರೇಮಿನ ಕತ್ತಿನ ಬಳಿ ಇರುತ್ತದೆ. ತಾಗಿದೆ ಎಂದರೆ ಆ ಗಟ್ಟಿ ಬಾಗಿರಬೇಕು, ಇಲ್ಲವೇ ಹ್ಯಾಂಡಲ್ ಅಥವಾ ಫೋರ್ಕ್ ತಿರುಚಿರಬೇಕು. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ಟ್ಯಾಂಕಿನಿಂದ ಎಷ್ಟು ಅಂತರ ಉಳಿಯುತ್ತದೆ ಎಂದು ಬೆರಳಿಟ್ಟು ನೋಡಿ. ಫ್ರೇಮಿನ ಕತ್ತಿನ ಕೆಳಗೆ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಎಳೆಎಳೆಯಾಗಿ ಬಿರಿದಿದ್ದರೆ ಫ್ರೇಮ್ ಬಾಗಿದೆ ಎಂದೇ ತಿಳಿಯಿರಿ. ಅದು ಸರಿಯಾಗದೆ ಟ್ಯಾಂಕಿಗೆ ದುಡ್ಡು ಹಾಕಬೇಡಿ.

ಇನ್ನು ವೆಲ್ಡಿಂಗ್. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಉರಿಯುವುದು ಪೆಟ್ರೋಲಿನ ಆವಿ. ಗಾಳಿಯಲ್ಲಿ ಅದು ಸುಮಾರು 1.4 ಶೇಕಡಾದಿಂದ 7.6 ಶೇಕಡಾದಷ್ಟು ಬೆರೆತಿದ್ದರೆ ಒಂದು ಕಿಡಿಗೆ ಸಿಡಿಯುತ್ತದೆ. ಸುರಿದು ಬರಿದು ಮಾಡಿದ ಟ್ಯಾಂಕಿನಲ್ಲಿ ಆ ಹದ ಸುಲಭವಾಗಿ ಒದಗುತ್ತದೆ. ತಗಡಿನ ಮಡಿಕೆಯಲ್ಲಿ ಉಳಿದ ನಾಲ್ಕು ಹನಿಯೇ ಸಾಕು. ಸಾಲದ್ದಕ್ಕೆ ಮೊಳೆಯ ಬಿಸಿಗೆ ಒಳಮೈಯ ಲೇಪ ಸುಟ್ಟು ಅಲ್ಲಿಂದ ತುಕ್ಕು ಶುರುವಾಗುತ್ತದೆ.

ನೆಗ್ಗು ದುಂಡಗಿದ್ದು, ಬಣ್ಣ ಕಂಪನಿಯದ್ದೇ ಆಗಿ ಬಿರುಕಿಲ್ಲದಿದ್ದರೆ ಬಿಸಿ ಅಂಟಿನ ಬಿಲ್ಲೆ ಹಚ್ಚಿ ಎಳೆಯುವವರಿಗೆ ಕೊಡಿ. ಮತ್ತೆ ಬಣ್ಣ ಹೊಡೆಸುವ ಅಗತ್ಯವೇ ಬೀಳದು. ಹಿಂದೆ ಪುಟ್ಟಿ ಹಾಕಿ ಬಣ್ಣ ಹೊಡೆದ ಟ್ಯಾಂಕಾದರೆ ಬಿಲ್ಲೆಯ ಜೊತೆ ಬಣ್ಣವೂ ಕಿತ್ತು ಬರುತ್ತದೆ. ಚೂಪು ಮಡಿಕೆ ಬಿದ್ದ ನೆಗ್ಗು ಈ ವಿಧಾನಕ್ಕೆ ಬಗ್ಗುವುದಿಲ್ಲ. ಅದಕ್ಕೆ ಪುಟ್ಟಿಯೇ ಗತಿ, ಅದೂ ಆಳ ಸುಮಾರು 3 ಮಿ.ಮೀ. ಒಳಗಿದ್ದರೆ ಮಾತ್ರ.

ಪುಟ್ಟಿ ಹಾಕಿಸುವಾಗ ಎದುರಿಗೆ ನಿಂತು ಮೂರು ವಿಷಯ ಗಮನಿಸಿ. ಬಣ್ಣದ ಮೇಲೆ ಪುಟ್ಟಿ ಮೆತ್ತಬಾರದು, 80 ನಂಬರ್ ಸ್ಯಾಂಡ್ ಪೇಪರ್‌ನಿಂದ ಉಜ್ಜಿ ತಗಡು ಹೊಳೆಯಬೇಕು. 100 ಗ್ರಾಂ ಪುಟ್ಟಿಗೆ ಹಾರ್ಡನರ್ (ಗಟ್ಟಿಯಾಗಲು ಬೆರೆಸುವ ಸಾಮಗ್ರಿ) ಸುಮಾರು 2 ಗ್ರಾಂ. ಬೇಗ ಒಣಗಲೆಂದು ಜಾಸ್ತಿ ಹಿಂಡಿದರೆ ಸೂಜಿತೂತು ಬೀಳುತ್ತವೆ, ಮುಂದೆ ಬಣ್ಣದ ಮೇಲೆ ಹಳದಿ ಕಲೆ ಏಳುತ್ತದೆ. ಮೂರನೆಯದರಲ್ಲೇ ಬಹಳ ಕಡೆ ತಪ್ಪುತ್ತಾರೆ: ಪುಟ್ಟಿಯನ್ನು ನೀರು ಹಾಕಿ ಉಜ್ಜುತ್ತಾರೆ. ಪುಟ್ಟಿ ನೀರು ಕುಡಿಯುತ್ತದೆ. ಆ ನೀರು ಬಣ್ಣದಡಿ ಸಿಕ್ಕಿಕೊಂಡು ತಗಡಿಗೆ ತುಕ್ಕು ಹಿಡಿಸಿ, ಮುಂದೊಂದು ದಿನ ಗುಳ್ಳೆಯಾಗಿ ಮೇಲೇಳುತ್ತದೆ. 120, 180, 320 ಹೀಗೆ ಒಣಗಿದ್ದಂತೆಯೇ ಉಜ್ಜಿಸಿ. ಪ್ರೈಮರ್ ಬಿದ್ದು ಒಣಗಿದ ಮೇಲೆ 600ರ ವಾಟರ್ ಪೇಪರ್‌ಗೆ ನೀರು ಬಳಸಲಿ.

ಪ್ರಶ್ನೆ: ಜುಲೈನಲ್ಲಿ ಪ್ಯಾನೆಲ್ ಮತ್ತು ಟ್ಯಾಂಕಿಗೆ ಕಪ್ಪು ಬಣ್ಣ ಹೊಡೆಸಿದೆ. ಅರ್ಧ ಗಂಟೆಯಲ್ಲಿ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಪೇಂಟ್ ಕಳಪೆಯೇ? (ಪುತ್ತೂರು)

ಉತ್ತರ: ಪೇಂಟಿನ ದೋಷವಲ್ಲ, ಹವೆಯದ್ದು. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟಿನ ಥಿನ್ನರ್ ಸರ್ರನೆ ಆರುವಾಗ ಮೈ ತಣ್ಣಗಾಗುತ್ತದೆ. ತಣ್ಣನೆಯ ಚೊಂಬಿನ ಹೊರಗೆ ನೀರು ಕೂರುವಂತೆ ಗಾಳಿಯ ತೇವ ಹಸಿ ಬಣ್ಣದ ಮೇಲೆ ಕೂರುತ್ತದೆ. ಕೆರೆದು ತೆಗೆಯುವ ಮುನ್ನ ಒಂದು ಬಿಸಿಲಿನ ಮಧ್ಯಾಹ್ನ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಮಂಜಿನಂತೆ ತೆಳ್ಳಗೆ ಹೊಡೆಸಿ ನೋಡಿ, ಎಷ್ಟೋ ಸಲ ಬಿಳುಪು ಇಳಿಯುತ್ತದೆ. ಕಂಪ್ರೆಸರ್ ಟ್ಯಾಂಕಿನ ನೀರನ್ನು ಮೊದಲು ಬಿಟ್ಟಿರಬೇಕು.

ಆದರೆ ಟ್ಯಾಂಕಿಗೆ ಬರೀ ಎನ್‌ಸಿ ಸಲ್ಲದು. ಬಂಕಿನಲ್ಲಿ ಪೆಟ್ರೋಲ್ ಚೆಲ್ಲಿದರೆ ಮೆತ್ತಗಾಗಿ ಬಟ್ಟೆಗೆ ಬರುತ್ತದೆ. ಮೇಲೆ 2ಕೆ ಕ್ಲಿಯರ್, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಬಣ್ಣವಿಲ್ಲದ ಪದರ, ಹೊಡೆಸಿ. ಹಾರ್ಡನರ್ ಅಳತೆ ಡಬ್ಬಿಯ ಮೇಲಿರುತ್ತದೆ, ಹಲವು ಕ್ಲಿಯರ್‌ಗಳಿಗೆ ಅದು ಎರಡಕ್ಕೆ ಒಂದು. ಇದನ್ನು ಮನೆಯಲ್ಲಿ ಹೊಡೆಯಬೇಡಿ. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಬ್ಬಸ ಹಿಡಿಸಬಲ್ಲದು, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಪ್ರಶ್ನೆ: ಬಿದ್ದ ಬೈಕಿನ ರಿಪೇರಿಗೆ ಒಟ್ಟು ಖರ್ಚು 5,000 ರೂ. ಪ್ಲಾಸ್ಟಿಕ್ ಭಾಗಗಳಿಗೆ 3,000, ಪೇಂಟಿಂಗಿಗೆ 2,000. ಐದಾರು ವರ್ಷದಿಂದ ವಿಮೆ ಕ್ಲೇಮ್ ಮಾಡಿಲ್ಲ. ಈಗ ಮಾಡಲೇ? (ಬೆಂಗಳೂರು)

ಉತ್ತರ: ಜೀರೋ ಡೆಪ್ (ಸವಕಳಿ ಕಡಿತವಿಲ್ಲದ ಸೌಲಭ್ಯ) ಇಲ್ಲದ ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕಿಗೆ ಅರ್ಧ ಕಡಿತ, ಕೈಗೆ 1,500. ಪೇಂಟಿಂಗ್ ಬಿಲ್ಲಿನ ಕಾಲು ಭಾಗ ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, 1,750 ಬರುತ್ತದೆ. ಕಡ್ಡಾಯ ಕಡಿತ 100 ಹೋಗಿ 3,150. ಇತ್ತ ನಿಮ್ಮ 50 ಶೇಕಡಾ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸೊನ್ನೆಯಾಗುತ್ತದೆ. ಮುಂದಿನ ವರ್ಷಗಳಲ್ಲಿ 20, 25, 35, 45 ಎಂದು ಮತ್ತೆ ಹತ್ತಬೇಕು. ಕಳೆದುಕೊಂಡದ್ದನ್ನೆಲ್ಲ ಕೂಡಿಸಿದರೆ ಒಂದು ವರ್ಷದ ಓನ್ ಡ್ಯಾಮೇಜ್ (ನಿಮ್ಮ ಬೈಕಿನ ಹಾನಿಯ ವಿಮೆ) ಪ್ರೀಮಿಯಂನ 125 ಶೇಕಡಾ. ಆ ಪ್ರೀಮಿಯಂ, ರಿಯಾಯಿತಿಗೆ ಮುಂಚೆ, 2,500 ದಾಟಿದ್ದರೆ ಕ್ಲೇಮ್ ಲಾಭವಿಲ್ಲ. ಮಾಡುವುದಾದರೆ ವಿಮೆಯ ಸರ್ವೇಯರ್ ಹಾನಿ ನೋಡುವವರೆಗೆ ಏನನ್ನೂ ಬಿಚ್ಚಿಸಬೇಡಿ.

ಪ್ರಶ್ನೆ: ಮ್ಯಾಟ್ ಬಣ್ಣದ ಟ್ಯಾಂಕಿನ ಗೀರನ್ನು ರಬ್ಬಿಂಗ್ ಕಾಂಪೌಂಡಿನಿಂದ ತೆಗೆಯಬಹುದೇ? (ಹುಬ್ಬಳ್ಳಿ)

ಉತ್ತರ: ಆಗದು. ಮಂಕು ಇರುವುದು ಮೇಲಿನ ಕ್ಲಿಯರ್ ಪದರದಲ್ಲೇ. ಉಜ್ಜಿದಲ್ಲಿ ಹೊಳಪಿನ ಮಚ್ಚೆ ಬೀಳುತ್ತದೆ, ಅದನ್ನು ಮತ್ತೆ ಮಂಕು ಮಾಡಲು ಬರುವುದಿಲ್ಲ. ಒಂದು ಮೂಲೆಗೆ ಮಾತ್ರ ಹೊಡೆದು ಹೊಂದಿಸಲೂ ಆಗದು, ಇಡೀ ಟ್ಯಾಂಕಿಗೆ ಮ್ಯಾಟ್ ಕ್ಲಿಯರ್ ಹೊಡೆಸಬೇಕು. ಗೀರು ಉಗುರಿಗೆ ಸಿಗದಷ್ಟು ತೆಳುವಾಗಿದ್ದರೆ ಶಾಂಪೂ ನೀರಿನಲ್ಲಿ ತೊಳೆದು ಹಾಗೇ ಬಿಡಿ.